ಶಿರಸಿ ತೋಟ, ಕರಾವಳಿ ಗದ್ದೆ: ಕೀಟ-ರೋಗ ಸಮೀಕ್ಷೆಯ ಇಂಟರ್ನ್‌ಶಿಪ್ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಕೃಷಿ ಪದವಿ ಓದುವವರಿಗೆ ಕೊನೆ ವರ್ಷದಲ್ಲಿ ಗ್ರಾಮೀಣ ಕಾರ್ಯಾನುಭವ ಇದ್ದೇ ಇದೆ. ತೋಟಗಾರಿಕೆಯವರಿಗೂ ಅಂಥದ್ದೇ ಒಂದು ಇದೆ. ಈಗ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ತೆಗೆದುಕೊಂಡ ಸಾಮಾನ್ಯ ಬಿಎಸ್ಸಿ ಮಕ್ಕಳೂ ಇಂಟರ್ನ್‌ಶಿಪ್‌ಗೆ ಜಾಗ ಹುಡುಕುತ್ತಾರೆ. ಅವರಿಗೆಲ್ಲ ನಾನು ಹೇಳುವುದು ಒಂದೇ: ಕೀಟ-ರೋಗ ಸಮೀಕ್ಷೆ ತೆಗೆದುಕೊಳ್ಳಿ, ಮತ್ತು ಅದನ್ನು ಉತ್ತರ ಕನ್ನಡದಲ್ಲೇ ಮಾಡಿ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ ಮುಟ್ಟುವಷ್ಟರಲ್ಲಿ ಅಡಿಕೆ, ಕಾಳುಮೆಣಸು, ಏಲಕ್ಕಿ, ಬಾಳೆ ಮುಗಿದು ತೆಂಗು, ಗೇರು, ಮಾವು, ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಭತ್ತ ಶುರುವಾಗುತ್ತವೆ. ಒಂದೇ ಬಸ್ ರೂಟಿನಲ್ಲಿ ಇಷ್ಟು ಬೆಳೆ, ಇಷ್ಟು ರೋಗ, ಇಷ್ಟು ಹುಳ ನೋಡಲು ಸಿಗುವ ಜಾಗ ಜಾಸ್ತಿ ಇಲ್ಲ.

ಸಮೀಕ್ಷೆ ಅಂದ ಕೂಡಲೇ ತೋಟಕ್ಕೆ ಹೋಗಿ ಹುಳ ಹುಡುಕಿ ಫೋಟೋ ತೆಗೆಯುವುದು ಅಂದುಕೊಳ್ಳುವವರೇ ಹೆಚ್ಚು. ನಿಜವಾದ ಕೆಲಸ ಎಣಿಕೆ. ಅದೇ ಜಾಗ, ಅದೇ ವಾರದ ದಿನ, ಅದೇ ರೀತಿ, ಸಿಕ್ಕರೂ ಸಿಗದಿದ್ದರೂ ಎಣಿಸಿ ಬರೆಯುವುದು. ಈ ಮಾರ್ಗದರ್ಶಿಯಲ್ಲಿ ಮುಂದೆ ಬರುವುದೆಲ್ಲ ಈ ಒಂದು ಅಭ್ಯಾಸ ಹಿಡಿಸುವುದಕ್ಕೇ.

ಮೊದಲು ಕಾಲ ನೋಡಿ, ಆಮೇಲೆ ಬೆಳೆ

ಕಾಲೇಜಿನ ಕ್ಯಾಲೆಂಡರ್ ಹುಳಕ್ಕೆ ಗೊತ್ತಿಲ್ಲ. ಇಂಟರ್ನ್‌ಶಿಪ್ ಯಾವ ತಿಂಗಳಲ್ಲಿ ಬೀಳುತ್ತದೆ ಅನ್ನುವುದರ ಮೇಲೆ ವಿಷಯ ಆರಿಸಿಕೊಳ್ಳಬೇಕು, ವಿಷಯ ಇಷ್ಟವಾಯಿತು ಅಂತ ತಿಂಗಳು ಹೊಂದಿಸಲು ಹೋದರೆ ಖಾಲಿ ಪುಸ್ತಕ ಹಿಡಿದು ವಾಪಸ್ ಬರಬೇಕಾಗುತ್ತದೆ.

ಡಿಸೆಂಬರ್‌ನಿಂದ ಫೆಬ್ರವರಿ ಸಿಕ್ಕರೆ ಕರಾವಳಿಗೆ ಇಳಿಯಿರಿ. ಗೇರು ಚಿಗುರಿ ಹೂ ಬಿಡುವ ಹೊತ್ತು ಅದು, ಟೀ ಸೊಳ್ಳೆಯ (ರಸ ಹೀರುವ ಒಂದು ತಿಗಣೆ) ಕಾಟ ಆಗಲೇ. ಚಿಗುರು, ಹೂಗೊಂಚಲು ಸುಟ್ಟ ಹಾಗೆ ಕಪ್ಪಾಗಿ ಒಣಗಿದ್ದರೆ ಅದರದ್ದೇ ಕೆಲಸ. ಮಾವಿನ ಹೂವಿಗೆ ಜಿಗಿಹುಳ ಬರುವುದೂ ಇದೇ ಸಮಯದಲ್ಲಿ. ಅಂಕೋಲಾ ಕಡೆ ಕರಿ ಇಶಾಡು ಮಾವಿನ ಮರಗಳಿರುವ ಮನೆ ಸಿಕ್ಕರೆ ಹೂ ಬಿಟ್ಟಾಗಿನಿಂದ ನೋಡಬಹುದು, ಮುಂದೆ ಕಾಯಿ ಬಲಿಯುವಾಗ ಹಣ್ಣುನೊಣದ ಬಲೆ ಹಾಕಬಹುದು.

ಮಾರ್ಚ್‌ನಿಂದ ಮೇ ತೆಂಗಿಗೆ ಒಳ್ಳೆಯದು. ಸುರುಳಿ ಬಿಳಿನೊಣ ಒಣ ಹವೆಯಲ್ಲಿ ಏರುತ್ತದೆ, ನುಸಿಯೂ ಹಾಗೆಯೇ. ಘಟ್ಟದ ಮೇಲಾದರೆ ಅಡಿಕೆಯ ಹಿಂಗಾರ ಒಣಗುವುದು, ಹಿಂಗಾರ ತಿನ್ನುವ ಹುಳ ನೋಡಲು ಸಿಗುತ್ತವೆ. ಮೊದಲ ಮಳೆ ಬಿದ್ದ ಮೇಲೆ ಮುಸ್ಸಂಜೆಯಲ್ಲಿ ಬೇರುಹುಳದ ದುಂಬಿಗಳು ಮಣ್ಣಿನಿಂದ ಏಳುತ್ತವೆ. ಕತ್ತಲಾಗುವ ಮುಂಚಿನ ಸ್ವಲ್ಪ ಹೊತ್ತು ಮಾತ್ರ ಅವು ಹಾರುವುದು. ಅಷ್ಟರಲ್ಲಿ ಹಿಡಿದು ಎಣಿಸಬೇಕು.

ಜೂನ್‌ನಿಂದ ಸೆಪ್ಟೆಂಬರ್ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗದ ಕಾಲ. ಕಾಳುಮೆಣಸಿನ ಶೀಘ್ರ ಸೊರಗು ರೋಗವೂ ಆಗಲೇ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಭತ್ತದ ಕಾಂಡಕೊರಕ, ಎಲೆ ಸುರುಳಿ ಹುಳ, ಕಂದು ಜಿಗಿಹುಳ, ಬೆಂಕಿರೋಗ. ಮುಂಡಗೋಡ, ಹಳಿಯಾಳದ ಕಡೆ ಮಳೆಗಾಲದ ಗೋವಿನಜೋಳಕ್ಕೆ ಫಾಲ್ ಸೈನಿಕ ಹುಳ ಇದ್ದೇ ಇರುತ್ತದೆ.

ನಿಮಗೆ ಒಂದೇ ತಿಂಗಳು ಇದ್ದರೆ ಒಂದು ಬೆಳೆ, ಜಾಸ್ತಿ ಅಂದರೆ ಎರಡು ಸಮಸ್ಯೆ. ಐದು ಬೆಳೆ ನೋಡುತ್ತೇನೆ ಅಂತ ಅರ್ಜಿಯಲ್ಲಿ ಬರೆದವರ ವರದಿಯಲ್ಲಿ ಸಾಮಾನ್ಯವಾಗಿ ಫೋಟೋ ಇರುತ್ತವೆ, ಲೆಕ್ಕ ಇರುವುದಿಲ್ಲ.

ಯಾರ ಹತ್ತಿರ ಕೇಳುವುದು

ಶಿರಸಿಯ ಕೃಷಿ ವಿಜ್ಞಾನ ಕೇಂದ್ರ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿದೆ. ಇಂಥ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಸಸ್ಯ ಸಂರಕ್ಷಣೆಗೆಂದೇ ಒಬ್ಬ ವಿಜ್ಞಾನಿ ಇರುತ್ತಾರೆ, ಮೊದಲು ಅವರನ್ನೇ ಕೇಳಿ. ಅದೇ ವಿಶ್ವವಿದ್ಯಾಲಯದ ಅರಣ್ಯ ಮಹಾವಿದ್ಯಾಲಯವೂ ಶಿರಸಿಯಲ್ಲೇ ಇದೆ. ಭತ್ತ, ಗೋವಿನಜೋಳ ಆದರೆ ಹೋಬಳಿಯ ರೈತ ಸಂಪರ್ಕ ಕೇಂದ್ರ, ಅಡಿಕೆ-ತೆಂಗು-ಮಾವು ಆದರೆ ತಾಲೂಕಿನ ತೋಟಗಾರಿಕೆ ಇಲಾಖೆ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಘಗಳು ಗಟ್ಟಿಯಾಗಿವೆ. ಯಾವ ಊರಿನ ತೋಟದಲ್ಲಿ ಏನು ತೊಂದರೆ ಅನ್ನುವುದು ಅಲ್ಲಿ ಕೂತವರಿಗೆ ಮೊದಲು ಗೊತ್ತಾಗುತ್ತದೆ. ದೂರ ಹೋಗಲು ತಯಾರಿದ್ದರೆ ಅಡಿಕೆ-ತೆಂಗಿಗೆ ಕಾಸರಗೋಡು ಮತ್ತು ವಿಟ್ಲದ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಅಂದರೆ ಸಿಪಿಸಿಆರ್‌ಐ, ಗೇರಿಗೆ ಪುತ್ತೂರಿನ ಗೇರು ಸಂಶೋಧನಾ ಕೇಂದ್ರ ಇವೆ.

ಪತ್ರ ಅರ್ಧ ಪುಟ ಸಾಕು. 'ನನಗೆ ಕೃಷಿಯಲ್ಲಿ ಅಪಾರ ಆಸಕ್ತಿ ಇದೆ' ಅನ್ನುವ ಸಾಲು ಬೇಡ, ಎಲ್ಲರೂ ಅದನ್ನೇ ಬರೆಯುತ್ತಾರೆ. ಹೀಗೆ ಬರೆದರೆ ಓದುವವರು ನಿಲ್ಲುತ್ತಾರೆ:

'ಮಾನ್ಯರೇ, ನಾನು ಸಸ್ಯಶಾಸ್ತ್ರ ಪದವಿಯ ಮೂರನೇ ವರ್ಷದ ವಿದ್ಯಾರ್ಥಿನಿ. ಊರು ಸಿದ್ದಾಪುರ ತಾಲೂಕು. ಜುಲೈ-ಆಗಸ್ಟ್‌ನಲ್ಲಿ ಎಂಟು ವಾರ ಬಿಡುವಿದೆ. ನಮ್ಮ ಊರಿನ ಮೂರು ಅಡಿಕೆ ತೋಟಗಳಲ್ಲಿ ವಾರಕ್ಕೊಮ್ಮೆ ಕಾಯಿ ಉದುರುವುದನ್ನು ಎಣಿಸಿ, ಕೊಳೆರೋಗದಿಂದ ಎಷ್ಟು, ಬೇರೆ ಕಾರಣದಿಂದ ಎಷ್ಟು ಅಂತ ದಾಖಲೆ ಮಾಡಬೇಕು ಅಂದುಕೊಂಡಿದ್ದೇನೆ. ತೋಟದವರ ಒಪ್ಪಿಗೆ ಪಡೆದಿದ್ದೇನೆ. ರೋಗ ಗುರುತಿಸಲು ನಿಮ್ಮ ಮಾರ್ಗದರ್ಶನ ಬೇಕು. ಕಾಲೇಜಿನ ಪತ್ರ ಲಗತ್ತಿಸಿದ್ದೇನೆ.'

ನೋಡಿ, ಇದರಲ್ಲಿ ಊರಿದೆ, ಕಾಲ ಇದೆ, ಏನು ಎಣಿಸುತ್ತೀರಿ ಅಂತ ಇದೆ, ಅವರಿಂದ ಏನು ಬೇಕು ಅಂತಲೂ ಇದೆ. ಮೇಲ್ ಕಳಿಸಿ ಸುಮ್ನೆ ಕೂರಬೇಡಿ. ಒಂದು ವಾರ ಬಿಟ್ಟು ಕಚೇರಿ ಹೊತ್ತಿನಲ್ಲಿ ಖುದ್ದಾಗಿ ಹೋಗಿ. ಆಗಲೇ ಕೇಳಿಕೊಳ್ಳಬೇಕಾದದ್ದು: ಭತ್ಯೆ ಇದೆಯೋ ಇಲ್ಲವೋ, ಓಡಾಟದ ಖರ್ಚು ಯಾರದ್ದು, ಪ್ರಮಾಣಪತ್ರಕ್ಕೆ ಎಷ್ಟು ದಿನದ ಹಾಜರಿ ಬೇಕು, ಎಣಿಕೆಯ ಲೆಕ್ಕ ಕೊನೆಯಲ್ಲಿ ಯಾರ ಹತ್ತಿರ ಇರುತ್ತದೆ. ಸಂಕೋಚ ಬೇಡ, ಇವು ಕೇಳಲೇಬೇಕಾದ ಪ್ರಶ್ನೆಗಳು.

ಚೀಲದಲ್ಲಿ ಏನಿರಬೇಕು

ಹತ್ತು ಪಟ್ಟಿನ ಹ್ಯಾಂಡ್ ಲೆನ್ಸ್, ಗಟ್ಟಿ ರಟ್ಟಿನ ನೋಟ್‌ಬುಕ್, ಪೆನ್ಸಿಲ್. ಮಳೆಯಲ್ಲಿ ಪೆನ್ನಿನ ಶಾಯಿ ಹರಡುತ್ತದೆ, ಪೆನ್ಸಿಲ್ ನಿಲ್ಲುತ್ತದೆ. ಹಳೆ ಪತ್ರಿಕೆ, ಕಾಗದದ ಲಕೋಟೆ, ಕೆಲವು ಪ್ಲಾಸ್ಟಿಕ್ ಚೀಲ, ಸಣ್ಣ ಚಾಕು, ಬಣ್ಣದ ಕುಂಚ, 70% ಆಲ್ಕೋಹಾಲ್ ತುಂಬಿದ ಪುಟ್ಟ ಬಾಟಲಿಗಳು (ಕಾಲೇಜಿನ ಪ್ರಯೋಗಾಲಯದಿಂದಲೇ ತನ್ನಿ), ಮರಗಳಿಗೆ ಗುರುತು ಹಾಕಲು ಬಣ್ಣದ ರಿಬ್ಬನ್. ಇಷ್ಟೇ. ಮೊಬೈಲ್ ಹೇಗೂ ಇರುತ್ತದೆ, ಜಾಗದ ಗುರುತಿಗೆ ಅದು ಸಾಕು.

ಮೈ ಕಾಯ್ದುಕೊಳ್ಳುವ ವಿಷಯ ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಉಂಬಳ (ಜಿಗಣೆ) ಹತ್ತುತ್ತವೆ, ಉಪ್ಪು ಅಥವಾ ಸುಣ್ಣ-ತಂಬಾಕಿನ ಗಂಟು ಇಟ್ಟುಕೊಂಡರೆ ಆಯಿತು. ಬೇಸಿಗೆಯ ಅಪಾಯ ಅದಕ್ಕಿಂತ ದೊಡ್ಡದು. ಡಿಸೆಂಬರ್‌ನಿಂದ ಮೇವರೆಗೆ ಸಿದ್ದಾಪುರ, ಹೊನ್ನಾವರದ ಕಾಡಂಚಿನಲ್ಲಿ ಮಂಗನ ಕಾಯಿಲೆಯ ಭಯ ಇರುತ್ತದೆ. ಅದು ಉಣುಗು ಕಚ್ಚಿ ಬರುವ ಜ್ವರ. ಬೆಟ್ಟಕ್ಕೆ ತಾಗಿದ ತೋಟಕ್ಕೆ ಹೋಗುವಾಗ ಉದ್ದ ತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟ್ ಹಾಕಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ, ದರಕಿನ (ಉದುರಿದ ಒಣ ಎಲೆಯ) ಮೇಲೆ ಕೂರಬೇಡಿ, ಮನೆಗೆ ಬಂದ ಕೂಡಲೇ ಬಿಸಿ ನೀರಿನ ಸ್ನಾನ ಮಾಡಿ ಬಟ್ಟೆ ತೊಳೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೇಳಿ. ಜ್ವರ ಬಂದರೆ ವೈದ್ಯರಿಗೆ ತೋಟ, ಕಾಡು ಓಡಾಡಿದ್ದನ್ನು ಮೊದಲೇ ತಿಳಿಸಿ.

ಇನ್ನೊಂದು, ಅಡಿಕೆ ಮರ ಹತ್ತುವ ಸಾಹಸ ಬೇಡವೇ ಬೇಡ. ಅದು ಕೊನೆ (ಅಡಿಕೆ ಗೊನೆ) ಇಳಿಸುವ ಕೊನೆಗೌಡರ ಕೆಲಸ. ಅವರು ಮೇಲೆ ಹೋದಾಗ 'ಸುಳಿ ಹೇಗಿದೆ, ಹಿಂಗಾರದಲ್ಲಿ ಹುಳ ಇದೆಯಾ, ಕೊನೆಯಲ್ಲಿ ಕೊಳೆ ಕಾಣುತ್ತಾ' ಅಂತ ಕೇಳಿ. ಇಡೀ ಊರಿನ ಮರಗಳ ತಲೆ ನೋಡಿದವರು ಅವರೊಬ್ಬರೇ.

ಮೊದಲ ವಾರ: ಆರೋಗ್ಯದ ಗಿಡ ಕಲಿಯಿರಿ

ರೋಗ ಹುಡುಕುವ ಆತುರ ಬೇಡ. ಒಳ್ಳೆ ಅಡಿಕೆ ಮರದ ಸೋಗೆ ಎಷ್ಟು, ಹಳೆ ಸೋಗೆ ಹಣ್ಣಾಗಿ ಬೀಳುವಾಗ ಹೇಗೆ ಕಾಣುತ್ತದೆ, ಎಳೆಕಾಯಿ ತಾನಾಗಿ ಎಷ್ಟು ಉದುರುತ್ತದೆ, ಇದೆಲ್ಲ ಕಣ್ಣಿಗೆ ಕೂರಬೇಕು. ವಯಸ್ಸಾದ ಎಲೆ ಹಳದಿಯಾಗಿದ್ದನ್ನೇ ಹಳದಿ ಎಲೆ ರೋಗ ಅಂತ ಬರೆದುಕೊಂಡು ಬಂದರೆ ಆಮೇಲೆ ಇಡೀ ಲೆಕ್ಕ ಹೊರಗೆಸೆಯಬೇಕು.

ಇದೇ ವಾರ ಜಾಗ ನಿಗದಿ ಮಾಡಿ. ತೋಟಕ್ಕೆ ಒಳಹೋಗುವ ದಾರಿ ಬದಿಯ ಮರಗಳನ್ನೇ ಆರಿಸಬೇಡಿ, ಅಂಚಿನ ಸಾಲಿಗೆ ಬಿಸಿಲು ಗಾಳಿ ಬೇರೆ ರೀತಿ ಸಿಗುತ್ತದೆ. ಅಂಚಿನ ಎರಡು ಸಾಲು ಬಿಟ್ಟು, ಅಂಕುಡೊಂಕಾಗಿ ನಡೆದು, ಇಷ್ಟು ಹೆಜ್ಜೆಗೊಂದು ಮರ ಅಂತ ಮೊದಲೇ ತೀರ್ಮಾನಿಸಿ ರಿಬ್ಬನ್ ಕಟ್ಟಿ. ಹೆಜ್ಜೆ ಮುಗಿದಾಗ ಎದುರಿಗೆ ಬಂದ ಮರವೇ ನಿಮ್ಮ ಮರ. ಅದು ಚೆನ್ನಾಗಿದೆ, ಪಕ್ಕದ್ದಕ್ಕೆ ರೋಗ ಇದೆ ಅಂತ ಬದಲಿಸುವ ಹಾಗಿಲ್ಲ. ಇಳಿಜಾರಿನ ತೋಟದಲ್ಲಿ ಮೇಲ್ಭಾಗ, ನಡು, ನೀರು ನಿಲ್ಲುವ ತಳಭಾಗ ಮೂರೂ ಕಡೆಯ ಮರ ಬರಲಿ.

ತೋಟದ ಚರಿತ್ರೆಯನ್ನೂ ಬರೆದುಕೊಳ್ಳಿ. ಯಾವಾಗ ಮದ್ದು ಹೊಡೆದರು, ಎಷ್ಟನೇ ಸಲ, ಬಸಿಗಾಲುವೆ ಚೊಕ್ಕ ಮಾಡಿದ್ದಾರಾ, ಗೊಬ್ಬರ ಏನು ಹಾಕಿದ್ದಾರೆ. ಮದ್ದು ಹೊಡೆದ ತಾರೀಖು ಇಲ್ಲದ ಕೊಳೆರೋಗದ ಲೆಕ್ಕ ಯಾರಿಗೂ ಉಪಯೋಗಕ್ಕೆ ಬಾರದು.

ಬಿದ್ದ ಕಾಯಿ ಓದುವುದು

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಶಿರಸಿ ಭಾಗದಲ್ಲಿ ಮಳೆಗಾಲದ ಇಂಟರ್ನ್‌ಗೆ ಇದಕ್ಕಿಂತ ಒಳ್ಳೆ ಪಾಠ ಇಲ್ಲ.

ಗುರುತು ಮಾಡಿದ ಪ್ರತಿ ಮರದ ಬುಡದ ಸುತ್ತ ಬಿದ್ದ ಕಾಯಿಗಳನ್ನೆಲ್ಲ ಆರಿಸಿ ಎಣಿಸಿ. ಎಣಿಸಿದ ಮೇಲೆ ಅಲ್ಲೇ ಬಿಡಬೇಡಿ, ಇಲ್ಲದಿದ್ದರೆ ಮುಂದಿನ ವಾರ ಹಳೆಯದೂ ಸೇರಿಹೋಗುತ್ತದೆ. ಈಗ ಒಂದೊಂದನ್ನೇ ಕೈಯಲ್ಲಿ ಹಿಡಿದು ತೊಟ್ಟಿನ ಕಡೆ ನೋಡಿ. ಕೊಳೆಯಾದರೆ ತೊಟ್ಟಿನ ಹತ್ತಿರ ಸಿಪ್ಪೆ ನೀರು ಕುಡಿದ ಹಾಗೆ ಕಡು ಹಸಿರಾಗಿ ಹೊಳಪು ಕಳೆದುಕೊಂಡಿರುತ್ತದೆ, ಬಿದ್ದು ಒಂದೆರಡು ದಿನ ಆಗಿದ್ದರೆ ಮೇಲೆ ಬಿಳಿ ಬೂಷ್ಟು ಹತ್ತಿರುತ್ತದೆ. ಎಳೆಕಾಯಿಗೆ ತಿಗಣೆ ಚುಚ್ಚಿದ್ದರೆ ಬೂಷ್ಟು ಇರುವುದಿಲ್ಲ, ಲೆನ್ಸ್ ಹಿಡಿದರೆ ಸೂಜಿ ಮೊನೆಯಷ್ಟು ಚುಕ್ಕೆ ಕಾಣುತ್ತದೆ. ಚಾಕುವಿನಲ್ಲಿ ಸೀಳಿದರೆ ಆ ಚುಕ್ಕೆಯ ನೇರಕ್ಕೆ ಒಳಗೆ ಕಂದು ಗುರುತು. ಎರಡೂ ಇಲ್ಲದೆ ಚೊಕ್ಕ ಇದ್ದರೆ ಮರವೇ ಉದುರಿಸಿದ್ದು ಅಂತ ಬೇರೆ ಗುಂಪಿಗೆ ಹಾಕಿ.

ಅನುಮಾನ ಬಂದ ಕಾಯಿಗಳನ್ನು ಮನೆಗೆ ತಂದು, ಮುಚ್ಚಳವಿರುವ ಡಬ್ಬಿಯಲ್ಲಿ ಒದ್ದೆ ಪತ್ರಿಕೆ ಹಾಸಿ ಇಡಿ. ಒಂದೆರಡು ದಿನಕ್ಕೆ ನೋಡಿದರೆ ಕೊಳೆ ಇದ್ದದ್ದಕ್ಕೆ ಬಿಳಿ ಎಳೆ ಹಬ್ಬಿರುತ್ತದೆ. ಬೇರೆ ಶಿಲೀಂಧ್ರವೂ ಬೆಳೆಯಬಹುದು, ಹಾಗಾಗಿ ಮೊದಲ ಕೆಲವನ್ನು ಮಾರ್ಗದರ್ಶಕರಿಗೆ ತೋರಿಸಿ ಖಚಿತ ಮಾಡಿಕೊಳ್ಳಿ. ಪರೀಕ್ಷೆ ಮುಗಿದ ಕಾಯಿಗಳನ್ನು ಸುಟ್ಟುಬಿಡಿ. ಗೊಬ್ಬರ ಗುಂಡಿಗೆ ಹಾಕಿದರೆ ರೋಗ ಮತ್ತೆ ತೋಟಕ್ಕೇ ಬರುತ್ತದೆ.

ಕೊಳೆಗೆ ಕಾರಣ ಫೈಟಾಫ್ಥೊರಾ ಅನ್ನುವ ಜೀವಿ. ಬಿಟ್ಟೂ ಬಿಡದ ಮಳೆ, ನಡುವೆ ಸ್ವಲ್ಪ ಬಿಸಿಲು, ತಂಪು ಹವೆ ಸಿಕ್ಕರೆ ಹಬ್ಬುತ್ತದೆ. ಮೈಸೂರು ಸರ್ಕಾರದಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಈ ರೋಗದ ಬೆನ್ನು ಹತ್ತಿ 1910ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಬೋರ್ಡೋ ದ್ರಾವಣವನ್ನು ಮಲೆನಾಡಿನ ತೋಟಗಳಿಗೆ ಹಿಡಿಸಿದವರಲ್ಲಿ ಅವರು ಮುಖ್ಯರು. ಇವತ್ತಿಗೂ ಅದೇ ಮದ್ದು: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ 50 ಲೀಟರ್ ನೀರಿನಲ್ಲಿ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕದಡಬೇಕು. ಕಬ್ಬಿಣದ ಪಾತ್ರೆ ಕೂಡದು. ಚೊಕ್ಕ ಮಾಡಿದ ಚಾಕು ಅದ್ದಿ ತೆಗೆದಾಗ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ಮಳೆ ಹಿಡಿಯುವ ಮುಂಚೆ ಒಮ್ಮೆ, 40-45 ದಿನ ಬಿಟ್ಟು ಮತ್ತೊಮ್ಮೆ ಹೊಡೆಯುತ್ತಾರೆ. ನೀವು ಹೊಡೆಯುವುದು ಬೇಡ, ಆದರೆ ಮಾಡುವುದನ್ನು ನಿಂತು ನೋಡಿ. ಮಳೆ ಬಿಡುವು ಕೊಡದೆ ಎರಡನೇ ಮದ್ದು ತಡವಾದ ತೋಟಕ್ಕೂ ಸಮಯಕ್ಕೆ ಹೊಡೆದ ತೋಟಕ್ಕೂ ಇರುವ ವ್ಯತ್ಯಾಸ ನಿಮ್ಮ ಎಣಿಕೆಯಲ್ಲಿ ಬಂದರೆ ಇಡೀ ಊರು ಅದನ್ನು ಕೇಳಲು ಕೂರುತ್ತದೆ.

ಭತ್ತದ ಗದ್ದೆಯಲ್ಲಿ

ಅಂಕುಡೊಂಕಾಗಿ ನಡೆದು 20 ಬುಡ ನೋಡಿ. ಪ್ರತಿ ಬುಡದಲ್ಲಿ ಒಟ್ಟು ತೆಂಡೆ (ಬುಡದಿಂದ ಒಡೆದ ಕವಲು) ಎಷ್ಟು, ಸುಳಿ ಒಣಗಿದ್ದು ಎಷ್ಟು. ಒಣಗಿದ ಸುಳಿಯನ್ನು ಎರಡು ಬೆರಳಲ್ಲಿ ಹಿಡಿದು ಮೇಲಕ್ಕೆ ಎಳೆಯಿರಿ. ಕಾಂಡಕೊರಕ ಆಗಿದ್ದರೆ ಸಲೀಸಾಗಿ ಕೈಗೆ ಬರುತ್ತದೆ, ಬುಡ ಕಚ್ಚಿ ಕೊಳೆತಿರುತ್ತದೆ. ಸುಳಿಯ ಬದಲು ಈರುಳ್ಳಿ ಎಲೆಯಂಥ ಬೆಳ್ಳಗಿನ ಕೊಳವೆ ಬಂದಿದ್ದರೆ ಅದು ಕಣೆ ನೊಣ, ಲೆಕ್ಕ ಬೇರೆ ಕಾಲಮ್ಮಿಗೆ. 20 ಬುಡದಲ್ಲಿ 240 ತೆಂಡೆ, ಅದರಲ್ಲಿ 18 ಒಣಗಿದ್ದರೆ ಶೇ 7.5. ಈ ಅಂಕಿ ಮದ್ದು ಹೊಡೆಯುವ ಹಂತ ಮುಟ್ಟಿದೆಯಾ ಅನ್ನುವುದಕ್ಕೆ ವಿಶ್ವವಿದ್ಯಾಲಯದ ಬೇಸಾಯ ಕ್ರಮಗಳ ಪುಸ್ತಕದಲ್ಲಿ ಬೆಳೆಯ ಹಂತಕ್ಕೆ ತಕ್ಕ ಮಿತಿ ಕೊಟ್ಟಿರುತ್ತಾರೆ, ಅದಕ್ಕೆ ಹೋಲಿಸಿ.

ಕಂದು ಜಿಗಿಹುಳ ಎಲೆ ಮೇಲೆ ಸಿಗುವುದಿಲ್ಲ. ಬಗ್ಗಿ, ಬುಡ ಬಿಡಿಸಿ, ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ ನೋಡಬೇಕು. ಬುಡವನ್ನು ಕೈಯಿಂದ ತಟ್ಟಿದರೆ ನೀರಿಗೆ ಬೀಳುತ್ತವೆ, ಆಗ ಎಣಿಸಿ. ಜೊತೆಗೆ ಬಿದ್ದ ಜೇಡಗಳನ್ನೂ ಎಣಿಸಿ! ಇದನ್ನು ಬಿಡುವವರೇ ಜಾಸ್ತಿ. ಜಿಗಿಹುಳ ತಿನ್ನುವ ಜೇಡ, ತಿಗಣೆ ಚೆನ್ನಾಗಿದ್ದರೆ ಸುಮ್ಮನಿದ್ದು ಮುಂದಿನ ವಾರ ನೋಡುವುದೇ ಸರಿ. ಅವಸರಕ್ಕೆ ಸಿಕ್ಕ ವಿಷ ಹೊಡೆದು ಜೇಡ ಸತ್ತ ಗದ್ದೆಯಲ್ಲಿ ಜಿಗಿಹುಳ ಮೊದಲಿಗಿಂತ ಜೋರಾಗಿ ಏಳುತ್ತದೆ.

ಕುಮಟಾದ ಅಘನಾಶಿನಿ ಗಜನಿಯಲ್ಲಿ ಕಗ್ಗ ಭತ್ತ ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಉಪ್ಪುನೀರು ತಡೆಯುವ ತಳಿ ಅದು, ರಾಸಾಯನಿಕ ಹಾಕುವ ಪದ್ಧತಿಯೂ ಅಲ್ಲಿ ಇಲ್ಲ. ಅಲ್ಲಿಯ ಹುಳ-ಜೇಡಗಳ ಲೆಕ್ಕವನ್ನು ಮಾಮೂಲಿ ಗದ್ದೆಯ ಲೆಕ್ಕದ ಪಕ್ಕ ಇಟ್ಟರೆ ಅದೇ ಒಂದು ಒಳ್ಳೆ ಪ್ರಾಜೆಕ್ಟ್.

ತೆಂಗು, ಗೋವಿನಜೋಳದ ಗುರುತು

ತೆಂಗಿನ ಗರಿ ಕತ್ತರಿಯಿಂದ ತ್ರಿಕೋನವಾಗಿ ಕತ್ತರಿಸಿದ ಹಾಗಿದ್ದರೆ ಕುರುವಾಯಿ ದುಂಬಿ. ಕಾಂಡದ ತೂತಿನಿಂದ ಕಂದು ರಸ, ಅಗಿದ ನಾರು ಹೊರಬರುತ್ತಿದ್ದರೆ ಕೆಂಪುಮೂತಿ ಹುಳ. ಮೊದಲನೆಯದು ಮಾಡಿದ ಗಾಯದ ವಾಸನೆಗೆ ಎರಡನೆಯದು ಬರುತ್ತದೆ, ಹಾಗಾಗಿ ಎರಡನ್ನೂ ಒಂದೇ ಹಾಳೆಯಲ್ಲಿ ದಾಖಲಿಸಿ. ಕುರುವಾಯಿ ಮರಿಗಳು ಇರುವುದು ಗೊಬ್ಬರಗುಂಡಿಯಲ್ಲಿ, ಅಲ್ಲಿಯೂ ಅಗೆದು ನೋಡಿ.

ಸುರುಳಿ ಬಿಳಿನೊಣ ನಮ್ಮ ದೇಶದಲ್ಲಿ ಮೊದಲು ಕಂಡದ್ದು 2016ರಲ್ಲಿ. ಗರಿಯ ಅಡಿಭಾಗದಲ್ಲಿ ಬಿಳಿ ಮೇಣದ ಸುರುಳಿ, ಕೆಳಗಿನ ಎಲೆಗಳ ಮೇಲೆ ಅಂಟು, ಅದರ ಮೇಲೆ ಕಪ್ಪು ಬೂಷ್ಟು. ನೋಡಿದವರು ಹೆದರಿ ಮದ್ದು ಹೊಡೆಯಲು ಹೊರಡುತ್ತಾರೆ. ನೀವು ಒಂದು ತುಂಡು ಗರಿ ಲೆನ್ಸ್ ಕೆಳಗೆ ಹಿಡಿದು ಖಾಲಿ ಕೋಶಗಳನ್ನು ನೋಡಿ. ಬಿಳಿನೊಣ ಹೊರಬಂದಿದ್ದರೆ ಸೀಳು ಇರುತ್ತದೆ, ಅದನ್ನು ಕೊಲ್ಲುವ ಎನ್‌ಕಾರ್ಸಿಯಾ ಅನ್ನುವ ಪುಟ್ಟ ಕಣಜ ಬಂದಿದ್ದರೆ ದುಂಡನೆಯ ತೂತು. ನೂರು ಕೋಶದಲ್ಲಿ ದುಂಡು ತೂತು ಎಷ್ಟು ಅಂತ ಎಣಿಸಿ ತೋಟದವರಿಗೆ ಹೇಳಿ. ಆ ಒಂದು ಅಂಕಿ ಎಷ್ಟೋ ಲೀಟರ್ ವಿಷ ಉಳಿಸಬಲ್ಲದು.

ಗೋವಿನಜೋಳದ ಸೈನಿಕ ಹುಳದ ತಲೆ ಮೇಲೆ ತಿರುಗುಮುರುಗಾದ ಇಂಗ್ಲಿಷ್ 'ವೈ' ಅಕ್ಷರ, ಬಾಲದ ಹತ್ತಿರ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ. ಭಾರತದಲ್ಲಿ ಇದು ಮೊದಲು ಪತ್ತೆಯಾದದ್ದು 2018ರ ಮೇನಲ್ಲಿ, ಪಕ್ಕದ ಶಿವಮೊಗ್ಗದಲ್ಲಿ. ಹೊಲಕ್ಕೆ ಇಳಿದು ನೋಡುವವರು ಇದ್ದದ್ದರಿಂದಲೇ ಅದು ಗೊತ್ತಾಯಿತು. ನಿಮಗೂ ಯಾರೂ ಗುರುತಿಸಲಾಗದ ಹುಳ ಸಿಕ್ಕರೆ ಆಲ್ಕೋಹಾಲಿನಲ್ಲಿ ಹಾಕಿ ಕೇಂದ್ರಕ್ಕೆ ಕೊಡಿ, ಬೇಕಾದರೆ ಅವರು ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಅಂದರೆ ಎನ್‌ಬಿಎಐಆರ್‌ಗೆ ಕಳಿಸುತ್ತಾರೆ. ಅದಕ್ಕೂ ಮೊದಲು ವಾಟ್ಸಾಪ್ ಗುಂಪಿಗೆ 'ಹೊಸ ಹುಳ ಬಂತು' ಅಂತ ಹಾಕಬೇಡಿ.

ಬಲೆಗಳು

ಮೋಹಕ ಬಲೆಯಲ್ಲಿ ಕೀಟವನ್ನು ವಾಸನೆಯಿಂದ ಸೆಳೆಯಲು ಇಡುವ ಲ್ಯೂರನ್ನು ಬರಿಗೈಯಲ್ಲಿ ಮುಟ್ಟಬೇಡಿ, ಎರಡು ಜಾತಿಯದನ್ನು ಒಂದೇ ಚೀಲದಲ್ಲಿ ಒಯ್ಯಬೇಡಿ. ಮಾವಿಗೆ ಮೀಥೈಲ್ ಯುಜೆನಾಲ್, ಸೌತೆ-ಹಾಗಲ-ಕಲ್ಲಂಗಡಿಗೆ ಕ್ಯೂಲ್ಯೂರ್, ಇವೆರಡು ಬೇರೆ ಬೇರೆ ನೊಣಕ್ಕೆ. ಲ್ಯೂರ್ ಬದಲಿಸಿದ ದಿನ ಹಾಳೆಯಲ್ಲಿ ಇರಲಿ, ಯಾಕೆಂದರೆ ಹೊಸ ಲ್ಯೂರಿಗೆ ನೊಣ ಜಾಸ್ತಿ ಬಿದ್ದದ್ದನ್ನು ಕೀಟ ಜಾಸ್ತಿಯಾಯಿತು ಅಂತ ತಿಳಿಯುವ ಸಾಧ್ಯತೆ ಇದೆ. ಬೆಳಕಿನ ಬಲೆಗೆ ಹುಣ್ಣಿಮೆ ಹತ್ತಿರ ಹುಳ ಕಡಿಮೆ ಬೀಳುತ್ತವೆ, ತಿಥಿಯನ್ನೂ ಬರೆಯಿರಿ. ಮಳೆಯಲ್ಲಿ ಬಲೆ ಬಿದ್ದುಹೋಗಿದ್ದರೆ 'ಬಲೆ ಬಿದ್ದಿತ್ತು' ಅಂತ ಬರೆಯಬೇಕು, ಸೊನ್ನೆ ಹಾಕಬಾರದು. ಬಲೆ ಸರಿಯಿದ್ದು ಏನೂ ಸಿಗದಿದ್ದರೆ ಮಾತ್ರ ಸೊನ್ನೆ. ಆ ಸೊನ್ನೆಯನ್ನು ಖಂಡಿತ ಬರೆಯಿರಿ. ಜೂನ್‌ನಲ್ಲಿ ಸೊನ್ನೆ ಇದ್ದದ್ದು ಗೊತ್ತಿದ್ದರೆ ತಾನೇ ಜುಲೈನ ನಲವತ್ತಕ್ಕೆ ಅರ್ಥ ಬರುವುದು?

ಮಾದರಿ ತರುವುದು

ಪೂರ್ತಿ ಸತ್ತ ಎಲೆ ತಂದರೆ ಅದರಲ್ಲಿ ರೋಗಾಣುವಿಗಿಂತ ಕೊಳೆ ತಿನ್ನುವ ಬೇರೆ ಜೀವಿಗಳೇ ಸಿಗುತ್ತವೆ. ಆರೋಗ್ಯ ಮತ್ತು ರೋಗ ಸೇರುವ ಅಂಚು ಇರುವ ಭಾಗ ಬೇಕು. ಎಲೆಗೆ ಪತ್ರಿಕೆ ಅಥವಾ ಕಾಗದದ ಲಕೋಟೆ, ಬೇರು-ಮಣ್ಣಿಗೆ ಪ್ಲಾಸ್ಟಿಕ್. ತಾರೀಖು, ಬೆಳೆ, ಊರು, ತೋಟದ ಸಂಕೇತ, ಮರದ ನಂಬರ್ ಚೀಟಿ ಮೇಲೆ ಬರೆದು ಅದೇ ದಿನ ತಲುಪಿಸಿ, ಬೈಕಿನ ಡಿಕ್ಕಿಯಲ್ಲಿ ಬಿಸಿಲಿಗೆ ಇಡಬೇಡಿ. ಫೋಟೋ ಮೂರು ಬೇಕು: ಇಡೀ ಗಿಡ, ರೋಗದ ಭಾಗ, ಹತ್ತಿರದ್ದು. ಎಲೆಯ ಎರಡೂ ಬದಿ, ಪಕ್ಕದಲ್ಲೊಂದು ನಾಣ್ಯ.

ಬನವಾಸಿ, ಮುಂಡಗೋಡ ಕಡೆ ಶುಂಠಿ ಬಾಡುತ್ತಿದ್ದರೆ ಒಂದು ಸುಲಭ ಪರೀಕ್ಷೆ ಇದೆ. ಕಾಂಡದ ಬುಡ ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಅಲ್ಲಾಡಿಸದೆ ಹಿಡಿಯಿರಿ. ಕತ್ತರಿಸಿದ ಬಾಯಿಂದ ಹಾಲಿನಂಥ ಎಳೆ ಇಳಿದರೆ ಅದು ಬ್ಯಾಕ್ಟೀರಿಯಾದ ಸೊರಗು. ಇಳಿಯದಿದ್ದರೆ ಬೇರೆ ಕಾರಣ ಹುಡುಕಬೇಕು.

ಒಂದು ತೋಟದಿಂದ ಇನ್ನೊಂದಕ್ಕೆ ಹೋಗುವಾಗ ಬೂಟು, ಚಾಕು ತೊಳೆಯಿರಿ. ಕಾಳುಮೆಣಸಿನ ಸೊರಗು ರೋಗ ಮಣ್ಣಿನ ಜೊತೆಗೇ ಪ್ರಯಾಣ ಮಾಡುತ್ತದೆ, ಅದನ್ನು ಹೊತ್ತುಕೊಂಡು ಹೋದವರು ಸಮೀಕ್ಷೆಗೆ ಬಂದ ಹುಡುಗರೇ ಆಗಬಾರದು.

ತೋಟದವರ ಜೊತೆ

ಮನೆಗೆ ಹೋದರೆ ಮೊದಲು 'ಆಸರಿಗೆ ಏನು ಬೇಕು' ಅಂತ ಕೇಳುತ್ತಾರೆ. ಮಜ್ಜಿಗೆಯೋ ನೀರು-ಬೆಲ್ಲವೋ ಕುಡಿದು, ಎರಡು ಮಾತಾಡಿ ತೋಟಕ್ಕೆ ಇಳಿಯಿರಿ. ಕೊನೆ ಕೊಯ್ಲಿನ ದಿನ, ಅಡಿಕೆ ಸುಲಿಯುವ ಗಡಿಬಿಡಿಯಲ್ಲಿ ಹೋಗಬೇಡಿ. ತೋಟದ ಯಜಮಾನರಾದ ಹೆಗಡೆಯವರ ಜೊತೆ ಮಾತಾಡಿದರೆ ಮುಗಿಯಲಿಲ್ಲ, ತೋಟದಲ್ಲಿ ದಿನವೂ ಕಾಯಿ ಆರಿಸುವವರು, ಗದ್ದೆಯಲ್ಲಿ ನಟ್ಟಿ ಮಾಡುವ ಅಕ್ಕಂದಿರು ಏನು ಹೇಳುತ್ತಾರೆ ಕೇಳಿ. ಕರಾವಳಿಯಲ್ಲಿ ತರಕಾರಿ ಬೆಳೆಯುವ ಹಾಲಕ್ಕಿ ಸಮುದಾಯದ ಹೆಂಗಸರಿಗೆ ಯಾವ ಬಳ್ಳಿಗೆ ಯಾವಾಗ ಹುಳ ಬೀಳುತ್ತದೆ ಅನ್ನುವುದು ಬಾಯಿಪಾಠ.

'ಏನು ಹೊಡೆಯಬೇಕು ತಮ್ಮಾ?' ಅಂತ ಕೇಳೇ ಕೇಳುತ್ತಾರೆ. 'ನಾನು ನೋಡಿದ್ದು ಇಷ್ಟು, ಕೇಂದ್ರದವರಿಗೆ ತೋರಿಸಿ ನಾಳೆ ಹೇಳುತ್ತೇನೆ' ಅಂದರೆ ಸಾಕು, ಮತ್ತು ನಾಳೆ ಹೇಳಲೇಬೇಕು. ಔಷಧದ ಹೆಸರನ್ನು ನೀವಾಗಿ ಹೇಳಬೇಡಿ. ಲೇಬಲ್ ಓದಲು ಮಾತ್ರ ಸಹಾಯ ಮಾಡಿ: ಡಬ್ಬಿಯ ಮೇಲಿನ ಬಣ್ಣದಲ್ಲಿ ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಯಾವ ಬೆಳೆಗೆ ಅನುಮತಿ, ಹೊಡೆದ ಎಷ್ಟು ದಿನಕ್ಕೆ ಕೊಯ್ಯಬಹುದು ಅನ್ನುವುದೂ ಅದರಲ್ಲೇ ಇರುತ್ತದೆ.

ಲೆಕ್ಕ ಮತ್ತು ವರದಿ

ಅವತ್ತಿನ ಲೆಕ್ಕ ಅವತ್ತೇ ಕಂಪ್ಯೂಟರಿಗೆ ಹಾಕಿ. ಒಂದು ಸಾಲಿಗೆ ಒಂದು ಮರ, ಒಂದು ದಿನ. ತಾರೀಖು, ತೋಟದ ಸಂಕೇತ, ಮರದ ನಂಬರ್, ಎಣಿಸಿದ್ದು, ಮಿತ್ರಕೀಟ (ಹುಳ ಕೊಲ್ಲುವ ಜೇಡ, ಕಣಜದಂಥವು), ಆ ವಾರದ ಮಳೆ, ಷರಾ. ಮಳೆಯ ಅಂಕಿ ಊರಿನಲ್ಲಿ ಯಾರಾದರೂ ಅಳೆದು ಬರೆದಿಡುವವರಿದ್ದರೆ ಅವರಿಂದ ತನ್ನಿ. ನೋಟ್‌ಬುಕ್ಕಿನ ಪುಟಗಳ ಫೋಟೋ ತೆಗೆದಿಡಿ. ಹೋಗದ ವಾರದ ಅಂಕಿಯನ್ನು ಅಂದಾಜಿಗೆ ತುಂಬಬೇಡಿ, ಖಾಲಿ ಬಿಟ್ಟು ಕಾರಣ ಬರೆಯಿರಿ.

ಎಷ್ಟು ಮರಕ್ಕೆ ರೋಗ ಇದೆ ಅನ್ನುವುದು ಒಂದು, ಒಂದೊಂದು ಮರದಲ್ಲಿ ಎಷ್ಟು ಇದೆ ಅನ್ನುವುದು ಇನ್ನೊಂದು. ಅಡಿಕೆಯ ಎಲೆಚುಕ್ಕೆ ರೋಗದಲ್ಲಿ ಇದು ತುಂಬಾ ಮುಖ್ಯ. 50 ಮರದಲ್ಲಿ 30ಕ್ಕೆ ಚುಕ್ಕೆ ಇದ್ದರೆ ಶೇ 60 ಅಂತ ಕೇಳಿ ಎದೆ ಒಡೆಯುತ್ತದೆ. ಆದರೆ ಬರೀ ಕೆಳಗಿನ ಒಂದೆರಡು ಸೋಗೆಯಲ್ಲಿ ನಾಲ್ಕು ಚುಕ್ಕೆ ಇದ್ದರೆ ಪರಿಸ್ಥಿತಿ ಬೇರೆ, ಸುಳಿಯ ತನಕ ಹತ್ತಿದ್ದರೆ ಬೇರೆ. ಎರಡೂ ಅಂಕಿ ಕೊಡಿ. ತೀವ್ರತೆಗೆ ಬಳಸುವ 0ಯಿಂದ ಶುರುವಾಗುವ ಅಂಕಪಟ್ಟಿಯನ್ನು ಮಾರ್ಗದರ್ಶಕರಿಂದ ಮೊದಲ ವಾರವೇ ಪಡೆದು ಕೊನೆವರೆಗೂ ಅದನ್ನೇ ಬಳಸಿ.

ಕೇಂದ್ರ ಸರ್ಕಾರ 2024ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಕೀಟ ಸಮೀಕ್ಷಾ ವ್ಯವಸ್ಥೆ ಅಂತ ಮೊಬೈಲ್ ಆ್ಯಪ್ ಶುರು ಮಾಡಿದೆ, ಫೋಟೋ ಹಾಕಿದರೆ ಕೀಟ ಗುರುತಿಸುತ್ತದೆ. ಬಳಸಿ ನೋಡಿ, ಆದರೆ ಅದು ಹೇಳಿದ್ದನ್ನು ನಿಮ್ಮ ಕಣ್ಣು ಮತ್ತು ಮಾರ್ಗದರ್ಶಕರ ಜೊತೆ ತಾಳೆ ಹಾಕಿ.

ವರದಿಯಲ್ಲಿ ಪುಸ್ತಕದಿಂದ ಎತ್ತಿದ ಪೀಠಿಕೆ ಎರಡು ಪುಟ ದಾಟದಿರಲಿ. ವಿಧಾನವನ್ನು ಮಾತ್ರ ಬೇರೆಯವರು ಓದಿ ಅದೇ ಮರದ ಮುಂದೆ ಹೋಗಿ ನಿಲ್ಲುವಷ್ಟು ವಿವರವಾಗಿ ಬರೆಯಿರಿ. ವಾರವಾರದ ಗೆರೆಚಿತ್ರ ಒಂದು, ಅದರ ಕೆಳಗೇ ಮಳೆಯ ಗೆರೆ. ರೈತರ ಹೆಸರು, ಫೋನ್ ನಂಬರ್ ವರದಿಗೆ ಹಾಕದೆ ಸಂಕೇತ ಸಂಖ್ಯೆ ಸಾಕು.

ಕಾಲೇಜಿಗೆ ಕೊಡುವ ಮುಂಚೆ ಪ್ರತಿ ತೋಟದವರಿಗೂ ಅವರ ತೋಟದ ಅಂಕಿ ಮಾತ್ರ ಇರುವ ಒಂದು ಪುಟ ಕನ್ನಡದಲ್ಲಿ ಮಾಡಿ, ಮನೆಗೆ ಹೋಗಿ ಕೊಡಿ, ಯಾವ ಮೂಲೆಯಲ್ಲಿ ಜಾಸ್ತಿ ಕಂಡಿತು ಅಂತ ತೋಟದಲ್ಲೇ ನಿಂತು ತೋರಿಸಿ. ಮೂಲ ಲೆಕ್ಕದ ಒಂದು ಪ್ರತಿ ಕೇಂದ್ರದಲ್ಲಿ ಇರಲಿ. ಮರಗಳ ರಿಬ್ಬನ್ ಬಿಚ್ಚಬೇಡಿ, ತೋಟದವರು ಒಪ್ಪಿದರೆ ಮುಂದಿನ ವರ್ಷ ಬರುವ ವಿದ್ಯಾರ್ಥಿ ಅದೇ ಮರಗಳನ್ನು ಎಣಿಸಲಿ.